ಗೆರೆ ಮೇಸ್ತ್ರಿ ಮತ್ತು ಐವತ್ತರ ನಡುಕ

ಗ್ಯಾರೇಜಿನ ಮೇಸ್ತ್ರಿಗೆ ಬೀದಿಯವರೆಲ್ಲ ಗೆರೆ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಯಾವ ಗಾಡಿ ಬರಲಿ, ಬಿಚ್ಚುವ ಮೊದಲು ಎರಡು ಭಾಗಗಳು ಕೂಡುವ ಕಡೆ ಸುಣ್ಣದ ಬಿಲ್ಲೆಯಿಂದ ಅಡ್ಡಲಾಗಿ ಒಂದು ಗೆರೆ ಎಳೆಯುತ್ತಿದ್ದ. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡಿದರೆ ಮುಗಿಯಿತು, ಹೇಗೆ ಬಿಚ್ಚಿದನೋ ಹಾಗೇ ಕೂತಿತು. ಈ ಬುದ್ಧಿ ಅವನು ಎಲ್ಲೂ ಓದಿ ಕಲಿತದ್ದಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಬಟ್ಟೆ ಕತ್ತರಿಸುವುದನ್ನು ನೋಡಿ ಕಲಿತದ್ದು. ಆಕೆ ನಲವತ್ತು ವರ್ಷ ಹೊಲಿಗೆ ಮಷೀನು ತುಳಿದವಳು. ಆಕೆಯ ಡಬ್ಬಿಯಿಂದ ಕೇಳದೆ ಎತ್ತಿಕೊಂಡ ಬಿಲ್ಲೆಯಿಂದಲೇ ಅಳಿಯ ಮೊದಲ ಗೆರೆ ಎಳೆದ. ಆಮೇಲೆ ಪ್ರತಿ ತಿಂಗಳೂ ಒಂದೊಂದು ಬಿಲ್ಲೆ ತಾನಾಗಿಯೇ ಮಾಯವಾಗುತ್ತಿತ್ತು. ಅತ್ತೆಯೂ ಕೇಳಲಿಲ್ಲ, ಅಳಿಯನೂ ಹೇಳಲಿಲ್ಲ.

ಅವನಿಗೆ ಇನ್ನೊಂದು ಗೀಳೂ ಇತ್ತು. ಜಿಡ್ಡು ಮೆತ್ತಿದ ಸಾಮಾನನ್ನು ಜಿಡ್ಡಿನ ಸಮೇತ ಮತ್ತೆ ಕೂಡಿಸುವುದೆಂದರೆ ಎಂಜಲು ತಟ್ಟೆಯಲ್ಲಿ ಬಡಿಸಿದ ಹಾಗೆ ಎನ್ನುತ್ತಿದ್ದ. ಬಟ್ಟೆಯ ಚೂರಿಗೆ ಸೀಮೆಎಣ್ಣೆ ಮುಟ್ಟಿಸಿಕೊಂಡು, ಸುಣ್ಣದ ಗೆರೆಯನ್ನು ಮಾತ್ರ ಬಿಟ್ಟು, ಬೆಣ್ಣೆಯಿಂದ ಕೂದಲು ತೆಗೆದಂತೆ ಸುತ್ತಲೂ ಒರೆಸುವನು. ಅವನು ಒಮ್ಮೆ ಮುಟ್ಟಿದ ಗಾಡಿ ಅದೇ ರೋಗಕ್ಕೆ ಎರಡನೇ ಸಲ ಬಂದದ್ದಿಲ್ಲ.

ಆ ವರ್ಷ ಅವನು ತನ್ನ ಹಳೆಯ ಪಿಕಪ್ ಗಾಡಿಯನ್ನೇ ಎತ್ತರಿಸಲು ಹೊರಟ. ಕಾರಣ ಅತ್ತೆ. ಆಕೆಯ ಅಕ್ಕ ಇದ್ದದ್ದು ಕಲ್ಲುಹಳ್ಳದ ಆಚೆ. ಹಳ್ಳದಲ್ಲಿ ಗುಂಡುಕಲ್ಲುಗಳು ಹೇಗೆ ಎದ್ದಿದ್ದವೆಂದರೆ ಸಾಮಾನ್ಯ ಗಾಡಿಯ ಹೊಟ್ಟೆ ಕೆರೆದುಹೋಗುತ್ತಿತ್ತು. ಮೊದಲೆಲ್ಲ ಅತ್ತೆ ನಡೆದೇ ದಾಟುವಳು. ಮಂಡಿ ಕೈಕೊಟ್ಟ ಮೇಲೆ ಎರಡು ವರ್ಷದಿಂದ ಅಕ್ಕತಂಗಿಯರು ಮುಖ ನೋಡಿರಲಿಲ್ಲ. ಇನ್ನೊಂದು ವಾರದಲ್ಲಿ ಮಳೆ ಹಿಡಿದರೆ ಹಳ್ಳ ತುಂಬಿ ಆರು ತಿಂಗಳು ದಾರಿ ಬಂದ್. ಭಾನುವಾರ ಕರೆದುಕೊಂಡು ಹೋಗುತ್ತೇನೆ ಎಂದು ಮೇಸ್ತ್ರಿ ಮಾತು ಕೊಟ್ಟ. ಅತ್ತೆ ಬುಧವಾರವೇ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಅದರಲ್ಲಿ ಅಕ್ಕನಿಗೆಂದು ಹೊಲಿದ ಅಂಗಿ ಇತ್ತು. ಅಳತೆ ಮಾತ್ರ ಎರಡು ವರ್ಷ ಹಿಂದಿನದು.

ಹಿಂದಿನ ಸ್ಪ್ರಿಂಗು ಪಟ್ಟಿಗಳ ಕೆಳಗೆ ಕಬ್ಬಿಣದ ಗಟ್ಟಿ, ಓರೆ ಸರಿಯಾಗಲು ಒಂದು ಬೆಣೆ ಕೊಟ್ಟು, ಮುಂದಿನ ಸ್ಪ್ರಿಂಗು ಬದಲಿಸಿದ ಮೇಲೆ ಗಾಡಿ ಸರಿಯಾಗಿ ನಾಲ್ಕು ಬೆರಳು ಮೇಲೆದ್ದಿತು. ಇದಕ್ಕಾಗಿ ಹೊಟ್ಟೆಯಡಿಯ ಶಾಫ್ಟನ್ನೂ ಬಿಚ್ಚಬೇಕಾಗಿತ್ತು. ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕೊಳವೆ ಅದು. ಎರಡು ತುಂಡು, ಒಂದರೊಳಗೊಂದು ಹಲ್ಲಿಗೆ ಹಲ್ಲು ಕೂಡಿ ಜಾರುತ್ತವೆ. ಮೇಸ್ತ್ರಿ ಗೆರೆ ಎಳೆದೇ ಬಿಚ್ಚಿದ. ಅತ್ತೆ ಕೂರುವ ಗಾಡಿಯೆಂಬ ಮಮತೆಗೆ ಅಂದು ಬಟ್ಟೆಯ ಚೂರಿನಿಂದ ಒರೆಸಿ ಬಿಡಲು ಮನಸ್ಸಾಗದೆ, ಎರಡು ತುಂಡುಗಳನ್ನೂ ಸೀಮೆಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ ಎಳೆಗೂಸಿಗೆ ನೀರೆರೆದಂತೆ ತೊಳೆದ. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದಳು. ಉಂಡು ಬಂದು ಜೋಡಿಸಿದ.

ಗುರುವಾರ ಗಾಡಿ ರಸ್ತೆಗಿಳಿಯಿತು. ನಲವತ್ತರ ತನಕ ಹೂವಿನಂತೆ ಹೋಯಿತು. ಐವತ್ತು ಮುಟ್ಟಿದ್ದೇ ತಡ, ಸೀಟಿನ ಕೆಳಗಿಂದ ಗುಡುಗುಡು ಎದ್ದು ಬೆನ್ನುಹುರಿ ಹತ್ತಿತು. ಪಕ್ಕದಲ್ಲಿದ್ದ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು, ಮಾತು ತುಂಡುತುಂಡಾಗಿ ಉದುರಿತು. ನಿನ್ನ ಬೈಗುಳಕ್ಕೂ ತಾಳ ಬಂತಲ್ಲ ಎಂದು ಮೇಸ್ತ್ರಿ ನಕ್ಕ. ನಕ್ಕವನ ಎದೆಯೊಳಗೆ ಮಾತ್ರ ಭಾನುವಾರ ಎದ್ದು ಕೂತಿತ್ತು. ಹಳ್ಳ ಮುಟ್ಟುವ ಮೊದಲು ಅರವತ್ತು ಮೈಲಿ ಹೆದ್ದಾರಿ ಇದೆ. ಎಪ್ಪತ್ತೆಂಟರ ಮುದುಕಿಯ ಮಂಡಿ ಈ ನಡುಕವನ್ನು ಹತ್ತು ಮೈಲಿಯೂ ತಾಳದು.

ಎದುರಂಗಡಿಯ ಟೈರಿನವನಿಗೆ ಹಬ್ಬವಾಯಿತು. ಗೆರೆ ಎಳೆದವನ ಗಾಡಿಗೇ ಚಳಿಜ್ವರ ಬಂತೇ ಎಂದು ಬಂದವರಿಗೆಲ್ಲ ಹೇಳಿದ. ಎತ್ತರಿಸಿದ್ದೇ ತಪ್ಪು, ಮೊದಲಿನಂತೆ ಇಳಿಸಿಬಿಡು ಎಂದು ಸಲಹೆಯನ್ನೂ ಕೊಟ್ಟ. ಇಳಿಸಿದರೆ ನಡುಕ ಹೋಗಬಹುದು. ಹಳ್ಳ ದಾಟುವುದೂ ಹೋಗುತ್ತದೆ.

ಮೇಸ್ತ್ರಿ ಒಂದೊಂದಾಗಿ ಹಿಡಿದ. ಸ್ಟಿಯರಿಂಗು ಹಿಡಿದ ಕೈ ನಡುಗುತ್ತಿಲ್ಲ, ಕೂತ ಸೀಟು ನಡುಗುತ್ತಿದೆ. ಹಾಗಾದರೆ ರೋಗ ಮುಂದಿನ ಚಕ್ರದ್ದಲ್ಲ. ಹಿಂದಿನ ಚಕ್ರಗಳನ್ನು ಬದಲಿಸಿ ಓಡಿಸಿದ, ನಡುಕ ಅದೇ. ಐವತ್ತರಲ್ಲಿ ಗೇರು ತಪ್ಪಿಸಿ ಇಂಜಿನ್ನನ್ನು ಸುಮ್ಮನಾಗಿಸಿದ, ಗಾಡಿ ತನ್ನ ಪಾಡಿಗೆ ಉರುಳುವಾಗಲೂ ನಡುಗಿತು. ಹಾಗಾದರೆ ಇಂಜಿನ್ನೂ ಅಲ್ಲ. ಎತ್ತರಿಸಿದ್ದರಿಂದ ಓರೆ ಕೆಟ್ಟಿತೇ ಎಂದು ಬಡಗಿಯ ರಸಮಟ್ಟ ತಂದು ಗೇರ್‌ಬಾಕ್ಸಿನ ಕಡೆ, ಹಿಂದಿನ ಚಕ್ರಗಳ ನಡುವೆ ಶಾಫ್ಟು ಬಂದು ಸೇರುವ ಗುಂಡಿನ ಕಡೆ ಹಿಡಿದು ನೋಡಿದ. ಅವನು ಕೊಟ್ಟ ಬೆಣೆಯಿಂದ ಎರಡೂ ಸಮ.

ಉಳಿದದ್ದು ಶಾಫ್ಟು. ಹೆಂಡತಿಯೇ ಬಾಯಿಬಿಟ್ಟು ಕೇಳಿದಳು, ಅದನ್ನೂ ಒಮ್ಮೆ ನೋಡಬಾರದೇ ಎಂದು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು," ಎಂದ ಮೇಸ್ತ್ರಿ. "ಅದಕ್ಕೆ ನಾನೇ ಗೆರೆ ಹಾಕಿದ್ದೀನಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಶುಕ್ರವಾರವೂ ಹೀಗೇ ಕಳೆಯಿತು.

ಶನಿವಾರ ಮಧ್ಯಾಹ್ನ ಅತ್ತೆ ಊರುಗೋಲು ಕುಟ್ಟುತ್ತ ಗ್ಯಾರೇಜಿಗೆ ಬಂದಳು. ಗಾಡಿಯ ಹಿಂಭಾಗವನ್ನು ಮೇಲೆತ್ತಿ ನಿಲ್ಲಿಸಿತ್ತು. ಅಳಿಯ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಶಾಫ್ಟಿನ ಕೆಳಗೆ ಇನ್ನೇನನ್ನೋ ನೋಡುತ್ತಿದ್ದ. ಆಕೆ ಪುಟ್ಟ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ನಾಳೆಯ ಮಾತೆತ್ತಲಿಲ್ಲ. ಕನ್ನಡಕವನ್ನು ಸೆರಗಿನಿಂದ ಒರೆಸಿ, ತಿರುಗುವ ಕೊಳವೆಯನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಬಹಳ ಹೊತ್ತು ನೋಡಿದಳು. ಕೊಳವೆಯ ಎರಡೂ ತುದಿಗೆ ಕವೆಯಂತೆ ಎರಡೆರಡು ಕಿವಿ ಇದ್ದವು.

"ಅಳಿಯಂದ್ರೇ, ಈ ಕಡೆ ಕಿವಿ ಆಕಾಶ ನೋಡ್ತಿದೆ. ಆ ಕಡೆದು ಸ್ವಲ್ಪ ಓರೆಯಾಗಿ ಗೋಡೆ ನೋಡ್ತಿದೆ. ಅದು ಇರೋದೇ ಹಾಗಾ?"

ಚಕ್ರ ನಿಂತಿತು.

"ತೋಳು ತಿರುಚಿ ಹೊಲಿದ ಅಂಗಿ ಥರ ಕಾಣ್ತಿದೆ, ಅದಕ್ಕೆ ಕೇಳ್ದೆ. ಅಂಗಿ ಹಾಗೆ ಹೊಲಿದ್ರೆ ನಡೆಯುವಾಗೆಲ್ಲ ಕಂಕುಳು ಜಗ್ಗುತ್ತೆ."

ಮೇಸ್ತ್ರಿ ತೆವಳಿ ಹೊರಬಂದು ಅತ್ತೆಯ ಕಣ್ಣಿನ ಎತ್ತರಕ್ಕೆ ತಲೆ ತಂದು ನೋಡಿದ. ಎರಡು ಕವೆಗಳೂ ಒಂದೇ ನೇರಕ್ಕೆ ನಿಲ್ಲಬೇಕು. ಆಗ ಈ ತುದಿಯ ಎಳೆತವನ್ನು ಆ ತುದಿ ನುಂಗಿಕೊಳ್ಳುತ್ತದೆ. ಒಂದು ಹಲ್ಲು ಆಚೀಚೆ ಆದರೂ ಎರಡೂ ಜಗಳಕ್ಕಿಳಿದು ಇಡೀ ಗಾಡಿಯನ್ನು ಕುಲುಕುತ್ತವೆ. ಇದು ಅವನಿಗೆ ಗೊತ್ತಿಲ್ಲದ ವಿಷಯವೇ? ಗೆರೆಗಾಗಿ ಶಾಫ್ಟಿನ ಮೇಲೆ ಬೆರಳಾಡಿಸಿದ. ಶಾಫ್ಟು ಫಳಫಳ ಹೊಳೆಯುತ್ತಿತ್ತು. ಗೆರೆಯಿರಲಿ, ಚುಕ್ಕೆಯೂ ಇರಲಿಲ್ಲ. ಉಂಡು ಬಂದ ಮಂಪರಿನಲ್ಲಿ ಕೈಗೆ ಬಂದ ಹಲ್ಲಿಗೆ ಕೂಡಿಸಿದ್ದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಮೂರು ದಿನ ಊರೆಲ್ಲ ಹುಡುಕಿದ್ದ.

"ಗೆರೆ ಹಾಕಿದ್ದೆ ಅತ್ತೆ," ಎಂದ ಸಣ್ಣ ದನಿಯಲ್ಲಿ. "ಆಮೇಲೆ... ತೊಳೆದೆ."

ಅತ್ತೆ ಅವನನ್ನೂ ಮೂಲೆಯ ಸೀಮೆಎಣ್ಣೆ ತೊಟ್ಟಿಯನ್ನೂ ನೋಡಿದಳು.

"ಸುಣ್ಣದ ಗೆರೆ ಹಾಕಿದ್ಮೇಲೆ, ಹೊಲಿಯೋ ಮುಂಚೆ ಯಾರಾದ್ರೂ ಬಟ್ಟೆ ಒಗೀತಾರಾ ಅಪ್ಪಾ? ಇಷ್ಟು ವರ್ಷ ನನ್ನ ಬಿಲ್ಲೆ ಕದ್ದಿರಿ, ಅರ್ಧ ವಿದ್ಯೆ ಮಾತ್ರ ಕದ್ದಿರಿ ಅಂತ ಇವತ್ತು ಗೊತ್ತಾಯ್ತು."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಮೇಸ್ತ್ರಿ ಮೊದಲು ಕೆಂಪಾದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆಯೇ ಕೂತು ನಕ್ಕ. ನಗು ಕೇಳಿ ಬಂದ ಟೈರಿನವನಿಗೆ ತಾನೇ ಬಾಯಿಬಿಟ್ಟು ತಪ್ಪು ಹೇಳಿಕೊಂಡ. ಹೀಗೆ ಒಪ್ಪಿಕೊಂಡವನನ್ನು ಹಂಗಿಸುವುದು ಹೇಗೆಂದು ತಿಳಿಯದೆ, ಟೈರಿನವನು ಶಾಫ್ಟು ಇಳಿಸಲು ಕೈಜೋಡಿಸಿದ. ಕವೆಗೆ ಕವೆ ನೇರಮಾಡಿ ಕೂಡಿಸಿದ್ದಾಯಿತು. ಈ ಸಲ ಮೇಸ್ತ್ರಿ ಉಳಿ ಇಟ್ಟು ಎರಡು ತುಂಡಿಗೂ ಒಂದೊಂದು ಚುಕ್ಕೆ ಹೊಡೆದ. ಎಷ್ಟು ತೊಳೆದರೂ ಹೋಗದ ಚುಕ್ಕೆ.

ಭಾನುವಾರ ಬೆಳಿಗ್ಗೆ ಅತ್ತೆ ತೊಡೆಯ ಮೇಲೆ ಅರ್ಧ ಲೋಟ ನೀರು ಹಿಡಿದುಕೊಂಡು ಕೂತಳು. ಕುಡಿಯಲಿಕ್ಕಲ್ಲ, ಪರೀಕ್ಷೆಗೆ. ನಲವತ್ತು ದಾಟಿತು. ಐವತ್ತು ಬಂತು. ಮೇಸ್ತ್ರಿ ರಸ್ತೆ ಬಿಟ್ಟು ಲೋಟವನ್ನೇ ನೋಡುತ್ತಿದ್ದಾನೆಂದು ಹೆಂಡತಿ ತಿವಿದಳು. ನೀರಿನ ಮೇಲೆ ಒಂದು ಸಣ್ಣ ಬಳೆ ಎದ್ದು ಅಡಗಿತು, ಅಷ್ಟೆ. ಅರವತ್ತಕ್ಕೆ ಅತ್ತೆ ಆ ನೀರನ್ನು ಕುಡಿದು ಲೋಟವನ್ನು ಚೀಲದೊಳಗಿಟ್ಟಳು. ಹಳ್ಳದ ಕಲ್ಲುಗಳು ಗಾಡಿಯ ಹೊಟ್ಟೆಗೆ ನಾಲ್ಕು ಬೆರಳು ಕೆಳಗೇ ಉಳಿದವು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಗಾಡಿ ಇಷ್ಟೆತ್ತರ, ಏಣಿ ತರಲೇನೇ ಎಂದು ಮೊದಲು ಹಂಗಿಸಿ, ಆಮೇಲೆ ತಬ್ಬಿಕೊಂಡಳು. ಒಳಗೆ ಹೋದದ್ದೇ ಅಂಗಿ ತೊಡಿಸಿದ್ದಾಯಿತು. ತೋಳು ಸರಿ, ಉದ್ದ ಸರಿ, ಸುತ್ತಳತೆ ಮಾತ್ರ ಎರಡು ಬೆರಳು ಸಡಿಲ.

"ಅಂಗಿ ದೊಡ್ಡದಾಗಿಲ್ಲ, ನಾನೇ ಚಿಕ್ಕವಳಾಗ್ತಿದ್ದೀನಿ," ಎಂದಳು ಅಕ್ಕ.

ತಂಗಿ ಅಳಿಯನ ಜೇಬಿಗೇ ಕೈಹಾಕಿ ಬಿಲ್ಲೆ ತೆಗೆದು, ಅಕ್ಕನ ಎರಡೂ ಪಕ್ಕಕ್ಕೆ ನಿಧಾನವಾಗಿ, ಅಳೆದು, ಒಂದೊಂದು ಗೆರೆ ಎಳೆದಳು. ಸಂಜೆಯೊಳಗೆ ಕೈಹೊಲಿಗೆ ಹಾಕಿಬಿಡುತ್ತೇನೆ ಎಂದು ಅಂಗಿ ಬಿಚ್ಚಿಸಿ ಕುರ್ಚಿಯ ಮೇಲಿಟ್ಟಳು. ಮೇಸ್ತ್ರಿ ಕೂರಲು ಜಾಗ ಮಾಡಿಕೊಳ್ಳುತ್ತ ಅದನ್ನು ಕೈಗೆತ್ತಿಕೊಂಡ.

"ಅಕ್ಕಾ, ಅದನ್ನ ಮೊದಲು ಇವರ ಕೈಯಿಂದ ಈಸ್ಕೋ," ಎಂದಳು ಅತ್ತೆ. "ತೊಳೆದುಬಿಡ್ತಾರೆ."