ಶಿವನ ಬಾಗಿಲಲ್ಲಿ ಚೌಕಾಸಿ

ಕೇಳಿದ ಬೆಲೆಯನ್ನು ಕೇಳಿದ ಹಾಗೆಯೇ ಕೊಡುವುದು ಎದುರಿನವನಿಗೆ ಮಾಡುವ ಅವಮಾನ ಎಂದು ನಂಬಿ ಬೆಳೆದವನು ನಾನು. ಪಾಪ, ಅವನು ನಾಲ್ಕು ಮಾತು ಬೆಳೆಯಲಿ ಎಂದು ಒಂದು ಬೆಲೆ ಹೇಳಿರುತ್ತಾನೆ. ನೀವು ಬಾಯಿ ಮುಚ್ಚಿಕೊಂಡು ಜೇಬಿಗೆ ಕೈ ಹಾಕಿದರೆ ಅವನ ಮಾತಿಗೆ ಏನು ಮರ್ಯಾದೆ ಉಳಿಯಿತು? ಸರ್ಕಾರಿ ಬಸ್ಸಿನ ಕಂಡಕ್ಟರನೊಬ್ಬನನ್ನು ಬಿಟ್ಟರೆ ಚಳ್ಳಕೆರೆಯಲ್ಲಿ ನಾನು ಯಾರಿಗೂ ಈ ಅವಮಾನ ಮಾಡಿದವನಲ್ಲ. ಖಾಸಗಿ ಬಸ್ಸಿನವರಿಗಂತೂ ಮಾಡುವ ಪ್ರಶ್ನೆಯೇ ಇಲ್ಲ. ದೇವಸಮುದ್ರಕ್ಕೆ ಇಬ್ಬರು ಎಂದರೆ ಒಂದೂವರೆ ಟಿಕೆಟ್ಟಿನಿಂದ ಮಾತು ಶುರುವಾಗುತ್ತದೆ. ಟಿಕೆಟ್ಟು ಕೂಡ ಕಡಲೆಕಾಯಿಯಂತೆ ಇಳಿಸಬಹುದಾದ ಸರಕು ಎಂಬ ಈ ನಂಬಿಕೆ ನನ್ನನ್ನು ಬಹಳ ದೂರ ಕರೆದೊಯ್ದಿತು. ಜಾವಾ ದ್ವೀಪದವರೆಗೆ ಕರೆದೊಯ್ದು, ಅಲ್ಲಿ ಒಂದು ತೆಂಗಿನ ಮರದ ಬುಡದಲ್ಲಿ ಕೂರಿಸಿತು.

ನಾನು ವ್ಯಾಪಾರ ಕಲಿತದ್ದು ಶಾಲೆಯಲ್ಲಲ್ಲ, ಕುರಿ ಸಂತೆಯಲ್ಲಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವವನು ದಡ್ಡ. ಕೊಳ್ಳುವವನೂ ಮಾರುವವನೂ ಕೈ ಕೂಡಿಸಿ ಮೇಲೊಂದು ಟವೆಲ್ ಹೊದಿಸುತ್ತಾರೆ. ಟವೆಲಿನ ಕೆಳಗೆ ಹಿಡಿದ ಬೆರಳಿಗೆ ಒಂದೊಂದು ನೂರು. ಸುತ್ತ ಹತ್ತು ಜನ ನಿಂತಿದ್ದರೂ ಒಳಗೆ ನಡೆದದ್ದು ಆ ಎರಡು ಕೈಗಳಿಗಷ್ಟೇ ಗೊತ್ತು. ಹೊಂದದಿದ್ದರೆ ಕೈ ಬಿಡಿಸಿಕೊಂಡು ಹತ್ತು ಹೆಜ್ಜೆ ನಡೆಯಬೇಕು. ನಿಧಾನವಾಗಿ, ಊರಿಗೆ ಹೊರಟವನಂತೆ. ಏಳನೆಯ ಹೆಜ್ಜೆಗೆ ಹಿಂದಿನಿಂದ “ಬಾರಪ್ಪ, ಬಾ” ಎಂದು ಕೂಗು ಬಂದೇ ಬರುತ್ತದೆ. ಆ ಟವೆಲ್ಲು ಮತ್ತು ಆ ಹತ್ತು ಹೆಜ್ಜೆ, ಇವೆರಡೇ ಬಂಡವಾಳದಿಂದ ನಾನು ಕುರಿಯಿಂದ ಕಡಲೆಕಾಯಿಗೆ, ಕಡಲೆಕಾಯಿಯಿಂದ ಎಣ್ಣೆಗೆ ಬಡ್ತಿ ಪಡೆದೆ. ಕಾಲೇಜು ಮೆಟ್ಟಿಲು ಹತ್ತಿದವರು ಈಗಲೂ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಬಾರದವರಿಗೆ ನಾನೇ ಹುಡುಕಿಕೊಂಡು ಹೋಗಿ ಕೊಡುತ್ತೇನೆ.

ಹೆಂಡತಿ ಸರ್ವಮಂಗಳ ಮೊಳಕಾಲ್ಮೂರಿನವಳು, ರೇಷ್ಮೆ ಸೀರೆ ವ್ಯಾಪಾರದ ಮನೆಯ ಮಗಳು. ಅವರ ಅಂಗಡಿಯ ಗೋಡೆಯ ಮೇಲೆ ಯಾವ ಕಾಲದ್ದೋ ಒಂದು ಕ್ಯಾಲೆಂಡರ್ ಇತ್ತು. ತಿಂಗಳುಗಳೆಲ್ಲ ಹರಿದುಹೋಗಿ ಚಿತ್ರವೊಂದೇ ಉಳಿದಿತ್ತು: ಸಮುದ್ರದಾಚೆಯ ಯಾವುದೋ ದ್ವೀಪದಲ್ಲಿ, ಬೆಟ್ಟ ಮೊಳೆತಂತೆ ಎದ್ದು ನಿಂತ ಕಪ್ಪು ಕಲ್ಲಿನ ಶಿವನ ಗುಡಿ. ಚಿಕ್ಕಂದಿನಲ್ಲಿ ಅದನ್ನೇ ನೋಡುತ್ತಾ ಸೀರೆ ಮಡಿಸಿದವಳು ಅವಳು. ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ ಕೇಳಿದ್ದಳು, “ರೀ, ಆ ಗುಡಿಗೆ ಹೋಗಬೌದಾ?” ಎಣ್ಣೆ ಮಿಲ್ಲು ಒಂದು ದಾರಿಗೆ ಬರಲಿ ಅಂದಿದ್ದೆ. ಮಿಲ್ಲು ದಾರಿಗೆ ಬರಲು ಇಪ್ಪತ್ತಾರು ವರ್ಷ ಹಿಡಿಯಿತು. ಊರಲ್ಲಿ ಎಲ್ಲರ ಕೈಗೂ ಮೊಬೈಲು ಬಂದ ಆ ಕಾಲದಲ್ಲಿ ಅವಳು ಎರಡನೆಯ ಸಲ ಕೇಳಿದಳು. ಈ ಸಲ ಪ್ರಶ್ನೆಯ ಗುರುತೇ ಇರಲಿಲ್ಲ. “ಹೋಗ್ತಾ ಇದೀವಿ” ಅಂದಳು.

ಪ್ರವಾಸದ ಏಜೆಂಟನ ಹತ್ತಿರ ಹೋದೆವು. ಎಂಟು ದಿನಕ್ಕೆ ಅವನು ಹೇಳಿದ ಬೆಲೆ ಕೇಳಿ, ಆ ದುಡ್ಡಿನಲ್ಲಿ ಎರಡು ತಿಂಗಳು ತಿರುಗಬಹುದು ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು, ಸ್ವಲ್ಪ ಮಲಗುವುದನ್ನೂ ತಿನ್ನುವುದನ್ನೂ ಕಡಿಮೆ ಮಾಡಿಕೊಂಡರೆ. ಸೂಟ್‌ಕೇಸ್ ಇದ್ದರೆ ಕೂಲಿ, ಆಟೋ, ಹೋಟೆಲಿನ ಹುಸಿ ಮರ್ಯಾದೆ ಎಲ್ಲಕ್ಕೂ ತೆರಬೇಕು. ಬೆನ್ನಿಗೆ ಚೀಲ ಕಟ್ಟಿಕೊಂಡವನನ್ನು ಯಾರೂ ಸಾಹೇಬ ಎನ್ನುವುದಿಲ್ಲ. ಸಾಹೇಬ ಎನಿಸಿಕೊಳ್ಳದಿರುವುದರಲ್ಲಿ ಎಷ್ಟು ಉಳಿತಾಯವಿದೆ ಎಂಬುದು ಬಹಳ ಜನಕ್ಕೆ ತಿಳಿಯದು. ಹಾಗಾಗಿ ಐವತ್ತು ದಾಟಿದ ಗಂಡ, ಐವತ್ತರ ಹತ್ತಿರದ ಹೆಂಡತಿ ಶಾಲೆ ಮಕ್ಕಳಂತೆ ಬೆನ್ನ ಮೇಲೆ ಚೀಲ ಹೇರಿಕೊಂಡು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತೆವು. ನನ್ನಿವಾಳ ಹಳ್ಳಿಯ ಗೆಳೆಯ ತಿಪ್ಪೇಸ್ವಾಮಿ ಕಳಿಸಲು ಬಂದಿದ್ದ.

“ಲೇ, ಎಂಥ ದೇಶಗಳೋ ಅವು?” ಎಂದ.

“ಬಿಸಿಲು ದೇಶ. ಥೈಲ್ಯಾಂಡು, ಮಲೇಶಿಯಾ, ಆಮೇಲೆ ಜಾವಾ.”

“ದುಡ್ಡು ಕೊಟ್ಟು ಬಿಸಿಲಿಗೆ ಹೋಗ್ತೀಯಾ? ನಮ್ಮ ಹೊಲಕ್ಕೆ ಬಾರೋ, ಬಿಟ್ಟಿ ಐತೆ. ಮ್ಯಾಲೆ ಮಜ್ಜಿಗೆ ಬೇರೆ ಕೊಡ್ತೀನಿ!”

ಅತ್ತೆಯವರು ಮೊಳಕಾಲ್ಮೂರಿನಿಂದ ಬಂದು ಮಗಳ ಕೈಗೆ ಒಂದು ಗಟ್ಟಿ ವಿಭೂತಿ ಕೊಟ್ಟರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬದುಕಿದ ಹಿರಿಯ ಜೀವ. “ಚೂಡಮ್ಮಾ, ಆ ಗುಡಿಯಾಗೆ ಇದನ್ನ ಇಬ್ರೂ ಕೈ ಕೂಡಿಸಿ ಇಡ್ರಿ. ಒಬ್ರೇ ಇಟ್ರೆ ಅರ್ಧನೇ ಮುಟ್ಟೋದು” ಅಂದರು. ಸರ್ವಮಂಗಳ ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕಿಟ್ಟಳು. ಆ ಎರಡು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದನ್ನೇ. ಗುಡಿ, ಇಬ್ಬರೂ, ಕೈ ಕೂಡಿಸಿ.

ಬೆನ್ನುಚೀಲದವರ ಲೋಕವೇ ಬೇರೆ, ಸ್ವಾಮಿ. ಆ ದೇಶಗಳ ಅಗ್ಗದ ಬೀದಿಗಳ ತುಂಬಾ ಬಿಳಿಯ ಹುಡುಗ ಹುಡುಗಿಯರು. ಮನೆಯಲ್ಲಿ ಕಾರು, ಕಂಬಳಿ, ಬಿಸಿನೀರು ಎಲ್ಲ ಇದ್ದು, ಇಲ್ಲಿ ಬಂದು ಹರಿದ ಚಡ್ಡಿ ತೊಟ್ಟು, ತಿಗಣೆ ಕಚ್ಚುವ ಮಂಚದ ಮೇಲೆ ಮಲಗಿ, ತಮ್ಮನ್ನೇ ತಾವು ಹುಡುಕಿಕೊಳ್ಳುತ್ತಿದ್ದರು. ನಮ್ಮ ಕಡೆ ಇದಕ್ಕೆ ಬಡತನ ಎನ್ನುತ್ತಾರೆ, ಅದಕ್ಕೆ ವೀಸಾ ಬೇಕಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಜೋಳಿಗೆ ಹೆಗಲಿಗೇರಿಸಿ ಊರೂರು ತಿರುಗುವ ಜಂಗಮರನ್ನು ಪೂಜಿಸಿದ ನಾಡು ನಮ್ಮದು. ನಿಂತಲ್ಲಿ ನಿಲ್ಲಬೇಡ ಎಂದು ನಮ್ಮ ಹಿರಿಯರು ಹೇಳಿದ್ದನ್ನು ನಾವು ಎಣ್ಣೆ ಮಿಲ್ಲು ಕಟ್ಟಿ ಮರೆತೆವು, ಈ ಚಡ್ಡಿಯವರು ಯಾರೂ ಹೇಳದೆಯೇ ಪಾಲಿಸುತ್ತಿದ್ದರು. ವ್ಯತ್ಯಾಸವೆಂದರೆ ಜಂಗಮರು ಮೂರು ಹೊತ್ತು ಫೋಟೋ ತೆಗೆದುಕೊಳ್ಳುತ್ತಿರಲಿಲ್ಲ.

ಬ್ಯಾಂಕಾಕಿನ ಬೀದಿ ಸಂತೆಯಲ್ಲಿ ನನಗೊಂದು ಛತ್ರಿ ಬೇಕಾಯಿತು. ಅಲ್ಲಿನ ಪದ್ಧತಿ ಏನೆಂದರೆ ಅಂಗಡಿಯವನು ಕ್ಯಾಲ್ಕುಲೇಟರ್ ಮೇಲೆ ತನ್ನ ಬೆಲೆ ಒತ್ತಿ ತೋರಿಸುತ್ತಾನೆ, ನೀವು ನಿಮ್ಮದನ್ನು ಒತ್ತಿ ತೋರಿಸಬೇಕು. ಅಕ್ಕಪಕ್ಕದವರೆಲ್ಲ ಇಣುಕಿ ಓದುವಂಥ ವ್ಯಾಪಾರ! ನನಗೆ ಹೇಸಿಗೆಯಾಯಿತು. ಅವನಿಗೆ ನಮ್ಮ ಸಂತೆಯ ಗೌರವ ಕಲಿಸೋಣವೆಂದು ಹೆಗಲ ಟವೆಲ್ ತೆಗೆದು, ಅವನ ಕೈ ಎಳೆದುಕೊಂಡು, ಮೇಲೆ ಹೊದಿಸಿ, ಎರಡು ಬೆರಳು ಹಿಡಿದು ಗಟ್ಟಿಯಾಗಿ ಒತ್ತಿದೆ. ಅವನು ಮೊದಲು ನನ್ನ ಮುಖ ನೋಡಿದ, ಆಮೇಲೆ ಸರ್ವಮಂಗಳಳ ಮುಖ ನೋಡಿದ, ಆಮೇಲೆ ಕೈ ಕಿತ್ತುಕೊಂಡು ಹಿಂದೆ ಸರಿದ. ಪಕ್ಕದ ಅಂಗಡಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಮೂವತ್ತು ವರ್ಷಕ್ಕೆ ಹತ್ತಿರ ಬಂತು, ನನ್ನ ಕೈ ಹಿಂಗೆ ಹಿಡಿದಿದ್ದಿಲ್ಲ ನೀವು” ಅಂದಳು. ಛತ್ರಿಯನ್ನು ಅವನು ಕೇಳಿದ್ದರಲ್ಲಿ ಕಾಲು ಬೆಲೆಗೆ ಕೊಟ್ಟ. ನಾನು ಬೇಗ ಹೋದರೆ ಸಾಕಾಗಿತ್ತು ಅವನಿಗೆ. ಹಾಗಾಗಿ ನನ್ನ ಸಲಹೆ: ಟವೆಲ್ಲು ಎಲ್ಲ ದೇಶದಲ್ಲೂ ನಡೆಯುತ್ತದೆ, ಬೇರೆ ಬೇರೆ ಕಾರಣಕ್ಕೆ.

ಹೀಗೆ ಛತ್ರಿ, ಬಸ್ಸು, ಕೋಣೆ, ದೋಣಿ ಎಲ್ಲವನ್ನೂ ಇಳಿಸುತ್ತಾ ಇಳಿಸುತ್ತಾ ದಕ್ಷಿಣಕ್ಕೆ ಇಳಿದೆವು. ಒಂದೊಂದು ಚೌಕಾಸಿಗೆ ಅರ್ಧರ್ಧ ದಿನ ಹೋಗುತ್ತಿತ್ತು. ಸರ್ವಮಂಗಳ ಚೀಲದ ಮೇಲೆ ಕೂತು ಕಾಯುತ್ತಿದ್ದಳು. ದಿನಕ್ಕೂ ಒಂದು ಬೆಲೆ ಇದೆ ಎಂದು ಯಾವ ಸಂತೆಯಲ್ಲೂ ನನಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಜಾವಾದಲ್ಲಿ ಆ ಗುಡಿಯಿದ್ದ ಊರಿಗೆ ತಲುಪಿದಾಗ ಕೈಯಲ್ಲಿ ಉಳಿದದ್ದು ಒಂದೇ ದಿನ. ಮರುದಿನ ಬೆಳಗ್ಗೆ ವಿಮಾನದ ಊರಿಗೆ ರೈಲು ಹಿಡಿಯಬೇಕು. ಆ ಒಂದು ದಿನದಲ್ಲೂ ಗುಡಿಗೆ ಹೋಗುವ ಗಾಡಿಯವನ ಜೊತೆ ಮಾತಾಡಿ ಮಾತಾಡಿ, ನಾವು ಗುಡಿಯ ಬಾಗಿಲು ಮುಟ್ಟಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು.

ಕ್ಯಾಲೆಂಡರಿನ ಗುಡಿ ಸುಳ್ಳು ಹೇಳಿರಲಿಲ್ಲ. ದೂರದಿಂದಲೇ ಕಪ್ಪು ಶಿಖರಗಳು ಆಕಾಶ ತಿವಿಯುತ್ತಿದ್ದವು. ಸರ್ವಮಂಗಳ ನಿಂತಲ್ಲೇ ಕೈ ಮುಗಿದು, ಚೀಲದ ತಳದಿಂದ ವಿಭೂತಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಟಿಕೆಟ್ಟಿನ ಕಿಟಕಿಯ ಮೇಲೆ ಎರಡು ದರ ಬರೆದಿತ್ತು: ಊರವರಿಗೆ ಒಂದು, ಪರದೇಶಿಗಳಿಗೆ ಅದರ ಎಷ್ಟೋ ಪಟ್ಟು. ನನ್ನ ರಕ್ತ ಕುದಿಯಿತು. ಯಾರು ಪರದೇಶಿ? ಒಂದು ಕಾಲದಲ್ಲಿ ನಮ್ಮ ಕಡೆಯ ವರ್ತಕರ ಜೊತೆ ಹಡಗು ಹತ್ತಿ ಹೋಗಿ ನೆಲೆಸಿದ ದೇವರಲ್ಲವೇ ಇವನು? ಅವನಾದರೂ ಹಡಗಿನವನು ಕೇಳಿದಷ್ಟು ಕೊಟ್ಟಿರಲಾರ. ಈಗ ಅವನ ಮನೆಯವರು ಬಾಗಿಲಿಗೆ ಬಂದರೆ ಪರದೇಶಿ ದರವೇ?

ಕಿಟಕಿಯವನಿಗೆ ಬಂದಷ್ಟು ಇಂಗ್ಲಿಷಿನಲ್ಲಿ ಇದನ್ನೆಲ್ಲ ವಿವರಿಸಿದೆ. ಸಾಲದಾದಾಗ ಅಂಗಿಯ ಗುಂಡಿ ಬಿಚ್ಚಿ, ಕೊರಳ ಕರಡಿಗೆ ತೆರೆದು ಇಷ್ಟಲಿಂಗವನ್ನೇ ತೋರಿಸಿದೆ. “ನೋಡಪ್ಪ, ಇಲ್ಲೂ ಅವನೇ, ಅಲ್ಲೂ ಅವನೇ. ಮನೆಯವರಿಗೆ ಟಿಕೆಟ್ಟಾ?” ಅವನು ಭಕ್ತಿಯಿಂದ ಕೈ ಮುಗಿದ. ನಗುತ್ತಾ ಪರದೇಶಿ ದರದ ಸಾಲಿನ ಮೇಲೆ ಬೆರಳಿಟ್ಟ.

“ರೀ, ಕೊಟ್ಟು ನಡೀರಿ. ಬಾಗಿಲು ಹಾಕೋ ಹೊತ್ತಾತು” ಎಂದಳು ಹೆಂಡತಿ.

“ಸುಮ್ನಿರು, ಇಳಿತೈತೆ. ಮುಖ ನೋಡಿದ್ರೆ ಗೊತ್ತಾಗ್ತೈತೆ.”

“ಅದು ಸರ್ಕಾರದ ಟಿಕೆಟ್ಟು ಕಣ್ರಿ! ನಮ್ಮ ಕಂಡಕ್ಟ್ರು ಹತ್ರ ಬಾಯಿ ಮುಚ್ಕೋತೀರಲ್ಲ, ಇಲ್ಲೇನು?”

ಮಾತು ನ್ಯಾಯವಾಗಿಯೇ ಇತ್ತು. ನ್ಯಾಯದ ಮಾತು ಚೌಕಾಸಿಯ ನಡುವೆ ಕಿವಿಗೆ ಬೀಳುವುದಿಲ್ಲ. ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. ಮುಖ ತಿರುಗಿಸಿ ನಡೆದೆ. ಒಂದು, ಎರಡು, ಮೂರು. ನಿಧಾನವಾಗಿ, ಊರಿಗೆ ಹೊರಟವನಂತೆ. ಏಳಾಯಿತು, ಹತ್ತಾಯಿತು. ಯಾರೂ ಕರೆಯಲಿಲ್ಲ. ಈ ದೇಶದಲ್ಲಿ ಇಪ್ಪತ್ತು ಇರಬಹುದೇನೋ ಎಂದು ಮುಂದುವರಿದೆ. ಮೂವತ್ತಕ್ಕೆ ತೆಂಗಿನ ಮರ ಅಡ್ಡ ಬಂತು, ಅದರ ಬುಡದಲ್ಲಿ ಕೂತೆ. ತಿರುಗಿ ನೋಡುವಂತಿಲ್ಲ. ತಿರುಗಿ ನೋಡಿದವನು ಸೋತ. ಹಿಂದಿನಿಂದ ಸರ್ವಮಂಗಳ ಎರಡು ಸಲ “ರೀ, ರೀ” ಎಂದು ಕೂಗಿದ್ದು ಕೇಳಿಸಿತು. ಬೆನ್ನು ತಿರುಗಿಸಿಕೊಂಡೇ, ತಡಿ ಎಂದು ಕೈ ಮಾಡಿದೆ. ಮೂರನೆಯ ಕೂಗು ಬರಲಿಲ್ಲ.

ಬಹಳ ಹೊತ್ತಿನ ಮೇಲೆ, ಕೇವಲ ಬೆನ್ನು ತುರಿಸಿಕೊಳ್ಳುವವನಂತೆ ಅತ್ತ ತಿರುಗಿದೆ. ಕಿಟಕಿ ಮುಚ್ಚಿತ್ತು. ಹೆಂಡತಿ ಇರಲಿಲ್ಲ. ಓಡಿದೆ. ಕಾವಲಿನವನು ಗಡಿಯಾರ ತೋರಿಸಿದ. ಈಗ ಪರದೇಶಿ ದರದ ಎರಡು ಪಟ್ಟು ಹಿಡಿದು ನಿಂತೆ; ಜೀವನದಲ್ಲಿ ಮೊದಲ ಸಲ ನಾನೇ ಬೆಲೆ ಏರಿಸುತ್ತಿದ್ದೆ. ಅವನು ತಲೆ ಅಲ್ಲಾಡಿಸಿದ. ತೆಂಗಿನ ಮರಕ್ಕೇ ಹಿಂದಿರುಗಿದೆ. ಅಲ್ಲಿ ಕೂತು, ಆರು ಸಾವಿರ ಕಿಲೋಮೀಟರೋ ಏನೋ ಬಂದು, ಶಿವನ ಗುಡಿಯ ತುದಿಯನ್ನು ಬೇಲಿಯ ಮೇಲಿಂದ ನೋಡಿದೆ. ಅಷ್ಟು ಮಾತ್ರ ಬಿಟ್ಟಿ.

ಹೊತ್ತು ಮುಳುಗುವಾಗ ಒಳಗಿದ್ದ ಜನರೆಲ್ಲ ಹೊರಬಂದರು. ಎಲ್ಲರ ಹಿಂದೆ ಸರ್ವಮಂಗಳ. ಕಣ್ಣು ಕೆಂಪಾಗಿತ್ತು, ಮುಖ ಬೆಳಗುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಬೈದಿದ್ದರೆ ಅಲ್ಲೂ ಒಂದಿಷ್ಟು ಮಾತಾಡಿ ಇಳಿಸಬಹುದಿತ್ತು. “ನನ್ ಹತ್ರ ಒಂದೇ ಟಿಕೆಟ್ಟಿನ ದುಡ್ಡು ಇತ್ತು” ಅಂದಳು ಅಷ್ಟೇ. ಕೈ ಬಿಚ್ಚಿದಳು. ಅಂಗೈಯಲ್ಲಿ ವಿಭೂತಿ ಗಟ್ಟಿಯ ಅರ್ಧ ತುಂಡು. ಮುರಿದ ಅಂಚು ಹೊಸದಾಗಿ, ಬೆಳ್ಳಗಿತ್ತು.

“ನನ್ನ ಕೈದು ಇಟ್ಟು ಬಂದೆ. ಇದು ನಿಮ್ದು.”

ಆ ತುಂಡನ್ನು ಟವೆಲಿನ ತುದಿಗೆ ಕಟ್ಟಿಕೊಂಡೆ. ಸ್ವಲ್ಪ ದೂರ ನಡೆದ ಮೇಲೆ, “ಒಳಗೆ ಹೆಂಗಿತ್ತು?” ಎಂದು ಕೇಳಿದೆ.

“ಹೇಳಲ್ಲ. ಹೇಳಿದ್ರೆ ನೀವು ಬಿಟ್ಟಿ ನೋಡಿದಂಗಾಗ್ತೈತೆ.”

ಊರಿಗೆ ಮರಳಿ ಮೊಳಕಾಲ್ಮೂರಿಗೆ ಹೋದಾಗ ಅತ್ತೆಯವರು ಬಾಗಿಲಲ್ಲೇ ಕೇಳಿದರು, “ಇಬ್ರೂ ಕೂಡಿ ಇಟ್ರಾ?”

ನಾನು ಚಪ್ಪಲಿ ಬಿಡುವುದರಲ್ಲಿ ತುಂಬಾ ಮಗ್ನನಾದೆ. ಮಗಳೇ ಉತ್ತರ ಕೊಟ್ಟಳು. “ಅರ್ಧ ಮುಟ್ಟೈತವ್ವ.”

“ಇನ್ನರ್ಧ?”

“ನಿನ್ನ ಅಳಿಯಂದ್ರು ಇನ್ನೂ ರೇಟು ಮಾತಾಡ್ತಾ ಇದಾರೆ.”

ಅಂದಿನಿಂದ ಎರಡು ವರ್ಷವಾಯಿತು. ಅರ್ಧ ವಿಭೂತಿ ನಮ್ಮ ದೇವರ ಗೂಡಿನಲ್ಲಿದೆ, ಬೆಳಗ್ಗೆ ಕೈ ಮುಗಿಯಲು ಹೋದಾಗೆಲ್ಲ ಮುರಿದ ಅಂಚನ್ನು ನನ್ನ ಕಡೆಗೇ ತಿರುಗಿಸಿಕೊಂಡಿರುತ್ತದೆ. ಸರ್ವಮಂಗಳ ಒಳಗೆ ನೋಡಿದ್ದನ್ನು ತಾಯಿಗೆ ಹೇಳಿದ್ದಾಳೆ, ಪಕ್ಕದ ಮನೆಯವರಿಗೆ ಹೇಳಿದ್ದಾಳೆ, ತಿಪ್ಪೇಸ್ವಾಮಿಗೂ ಹೇಳಿದ್ದಾಳೆ. ನಾನು ಹೋದ ತಕ್ಷಣ ಮಾತು ಕಡಲೆಕಾಯಿ ದರಕ್ಕೆ ತಿರುಗುತ್ತದೆ. ಮೊಳಕಾಲ್ಮೂರು ಸೀರೆ ಕೊಡಿಸುತ್ತೇನೆಂದೆ, ಬಳೆ ಎಂದೆ, ಮಿಕ್ಸಿ ಎಂದೆ. ಕದಲಲಿಲ್ಲ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಕಂಡ, ದರ ಇಳಿಸದ ಏಕೈಕ ವ್ಯಾಪಾರಿ ನನ್ನ ಮನೆಯಲ್ಲೇ ಇದ್ದಳು. ನಾನು ಊರೂರು ಸಂತೆ ಸುತ್ತಿದೆ.

ಮೊನ್ನೆ ಸಂಜೆ ಜಗಲಿಯ ಮೇಲೆ ಕೂತಿದ್ದಾಗ, “ಆತು, ಆ ಗುಡಿಗೆ ಇನ್ನೊಂದ್ಸಲ ಹೋಗೋಣ ನಡಿ. ಕೇಳಿದಷ್ಟು ಕೊಡ್ತೀನಿ” ಎಂದೆ. ಅವಳು ನಂಬಲಿಲ್ಲ. “ಬಾಯಾಗಿನ ಮಾತು ಬ್ಯಾಡ” ಎಂದು ನನ್ನ ಹೆಗಲ ಟವೆಲ್ ಎಳೆದುಕೊಂಡು, ಕೈ ಮೇಲೆ ಹೊದಿಸಿ, ಒಳಗೆ ನನ್ನ ಎರಡು ಬೆರಳು ಹಿಡಿದಳು. ಎರಡು ಟಿಕೆಟ್ಟು. ನಿಮ್ಮ ಹತ್ತಿರ ಸುಳ್ಳೇಕೆ? ಅವಳು ಒಮ್ಮೆ ನೋಡಿಯಾಗಿದೆಯಲ್ಲ, ನನ್ನದೊಂದೇ ಸಾಕಲ್ಲವೇ ಎಂದು ನಾನು ಒಂದು ಬೆರಳನ್ನು ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದೆ. ಅವಳು ಇನ್ನೂ ಬಿಗಿಯಾಗಿ ಹಿಡಿದಳು. ಜಗಲಿಯಿಂದ ಎದ್ದು ಹತ್ತು ಹೆಜ್ಜೆ ನಡೆಯುವ ಉಪಾಯ ನೆನಪಾಗದೆ ಇರಲಿಲ್ಲ. ಆದರೆ ಕೈ ಬಿಟ್ಟರಲ್ಲವೇ ನಡೆಯುವುದು?