ಕನ್ನಡ ಆಡದ ಕಂಪ್ಯೂಟರ್

ಮರಾಠಿ ಸೀಮೆಯ ನಿಗಡಿಯ ಚಾಳಿನ ಸಾಲುಮನೆಗಳಲ್ಲಿ ನಲ್ಲಿಗೆ ಇನ್ನೂ ನೀರು ಬಂದಿಲ್ಲ. ಶೈಲಶ್ರೀ ಆಗಲೇ ಕಂಪ್ಯೂಟರ್ ಮುಂದೆ ಕುಳಿತಿದ್ದಾರೆ. ಇಂಡಿ ತಾಲೂಕಿನಿಂದ ಕಟ್ಟಡ ಕೆಲಸಕ್ಕೆ ಬಂದ ದಂಪತಿಯ ಮಗಳು. ಹಗಲು ಕಾರ್ಖಾನೆಯೊಂದರಲ್ಲಿ ಗುಮಾಸ್ತೆ. ನಸುಕಿನಲ್ಲಿ, ಪರದೆಯ ಅಕ್ಷರಗಳನ್ನು ಅಂಧರಿಗೆ ಓದಿ ಹೇಳುವ ಮುಕ್ತ ತಂತ್ರಾಂಶದ ಕಾವಲುಗಾರ್ತಿ. ಹವ್ಯಾಸಿಗಳು ಸೇರಿ ಕಟ್ಟುವ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ತಂತ್ರಾಂಶ ಅದು.

ಹಳೆಯ ಯಂತ್ರಗಳಿಗೂ ಅದು ಒಗ್ಗಲೆಂದು ಎಲ್ಲೆಲ್ಲಿಂದಲೋ ಪ್ಯಾಚುಗಳು, ಅಂದರೆ ತೇಪೆಗಳು, ಬರುತ್ತವೆ. ಹೊಸ ಆವೃತ್ತಿ ಹೊರಡುವ ಮುನ್ನ ಯಾವ ತೇಪೆಯನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಶೈಲಶ್ರೀ ಪಾಲಿಗೆ ಬಂದಿದೆ. "ಪರೀಕ್ಷೆ ಮಾಡಿಲ್ಲ, ನಡೀಬಹುದು ಅಂತ ಬರದು ಕಳಿಸ್ತಾರ್ರಿ. ನಡೀದಿದ್ರ ಬೈಗುಳ ನನಗ."

ಈ 2004ರ ಆವೃತ್ತಿ ಮೊದಲ ಬಾರಿಗೆ ಕನ್ನಡ ಓದಲಿದೆ. ಅದಕ್ಕೆ ಹಂಬಲಿಸಿ ಕಾದವರು ಸ್ವಾರಗೇಟ ಬಡಾವಣೆಯ ಮೋಹನದಾಸ್. ಬೀದರ ಕಡೆಯವರು, ಲೋಹ ಎರಕ ಹೊಯ್ಯುವ ಫೌಂಡ್ರಿಯ ಅಪಘಾತದಲ್ಲಿ ಕಣ್ಣು ಕಳೆದುಕೊಂಡವರು. ಯಾರೋ ಕೊಟ್ಟ ಅವರ ಹಳೆಯ ಕಂಪ್ಯೂಟರ್ ಇದೇ ತಂತ್ರಾಂಶದ ಹಳೆಯ ಆವೃತ್ತಿಯಿಂದ ಹಿಂದಿ ಮಾತ್ರ ಓದುತ್ತದೆ.

ಅಂಥ ಯಂತ್ರಗಳಲ್ಲಿ ಹೊಸ ಆವೃತ್ತಿಗೆ ದನಿಯೇ ಹೊರಡುವುದಿಲ್ಲ. ಅದನ್ನು ಸರಿಪಡಿಸುವ ತೇಪೆಯೇನೋ ಬಂದಿದೆ, ಯಾರೂ ಹಾಕಿ ನೋಡಿಲ್ಲ. ನೋಡಿ ಹೇಳಿ ಎಂದು ಶೈಲಶ್ರೀ ಎಲ್ಲರಿಗೂ ಬರೆಯುತ್ತಾರೆ. ಕಳಿಸಿದವನೂ ಉತ್ತರಿಸುವುದಿಲ್ಲ. ರವಿವಾರ ತೇಪೆ ಹಾಕಿದ ಹೊಸ ಆವೃತ್ತಿಯ ಸಿಡಿ ಹಿಡಿದು ತಾವೇ ಮೋಹನದಾಸರ ಮನೆಗೆ ಬಸ್ಸು ಹತ್ತುತ್ತಾರೆ.

"ಬರ್ರಿ ಅಕ್ಕಾರ, ಒಂದು ಸಾಲರ ಕೇಳಸ್ರಿ," ಮೋಹನದಾಸ್ ಕುರ್ಚಿ ಎಳೆದು ಕೂಡುತ್ತಾರೆ.

"ನಮಸ್..." ಎನ್ನುತ್ತದೆ ಕಂಪ್ಯೂಟರ್. ಅಲ್ಲಿಗೆ ಇಡೀ ಯಂತ್ರವೇ ಸ್ತಬ್ಧ. ಮೋಹನದಾಸ್ ನಗುಮುಖ ಹಾಗೇ ಇಟ್ಟುಕೊಂಡು ಕಾಯುತ್ತಾರೆ.

"ಮುಂದ?"

ಎಷ್ಟು ಸಲ ಹಾಕಿದರೂ ಅಷ್ಟೇ. ಸಂಜೆ ಶೈಲಶ್ರೀ ಹಳೆಯ ಆವೃತ್ತಿಯನ್ನೇ ಮರಳಿ ಹಾಕುತ್ತಾರೆ.

"ಆ ತೇಪಿ ತಗೀಬ್ಯಾಡ್ರಿ. ಇರಲಿ, ಯಾರರ ಸರಿ ಮಾಡ್ಯಾರು," ಮೋಹನದಾಸ್ ಬೇಡಿಕೊಳ್ಳುತ್ತಾರೆ.

ಆದರೂ ಶೈಲಶ್ರೀ ಅದನ್ನು ಕೈಬಿಡುತ್ತಾರೆ. "ಕಣ್ಣಿಲ್ಲದವ್ರ ಮಶೀನ್ ಹಿಂಗ ನಿಂತ್ರ, ಏನಾಗೇದ ಅಂತ ಅವರಿಗೆ ತಿಳಿಯೂದರ ಹೆಂಗ್ರಿ?" ಬಿಡುಗಡೆಯನ್ನು ಮುಂದೂಡಿ ಎಂದು ತಂಡವನ್ನು ಕೇಳುತ್ತಾರೆ. ಅಷ್ಟು ಹಳೆಯ ಯಂತ್ರ ಈಗ ಯಾರ ಬಳಿ ಇದೆ ಎಂದು ತಂಡ ಕೇಳುತ್ತದೆ. ಶೈಲಶ್ರೀ ಮೋಹನದಾಸರ ಹೆಸರು ಬರೆಯುತ್ತಾರೆ. ತಂಡ ಬಿಡುಗಡೆಯ ದಿನ ಬದಲಿಸುವುದಿಲ್ಲ.

ಹೊಸ ಆವೃತ್ತಿ ಹೊರಬಿದ್ದಿದೆ. ಕನ್ನಡ ಕೇಳಿದವರ ಅಭಿನಂದನೆಗಳು ದಿನವೂ ಬರುತ್ತಿವೆ. ಮೋಹನದಾಸರಿಗೆ ಫೋನ್ ಮಾಡುವ ಧೈರ್ಯ ಮಾತ್ರ ಶೈಲಶ್ರೀಗೆ ಇನ್ನೂ ಬಂದಿಲ್ಲ.

"ತೇಪಿ ಕಳಿಸೂ ಮೊದಲ ಒಮ್ಮೆ ಹಚ್ಚಿ ನೋಡ್ರಿ ಅಂತೀನಿ, ಮತ್ತೇನೂ ಬ್ಯಾಡ," ಎನ್ನುತ್ತಾರೆ. ಮೋಹನದಾಸರ ಬಗ್ಗೆ ಇಷ್ಟೇ: "ಅವರಿಗೆ ಕನ್ನಡ ಕೊಡಾಕ ಆಗಲಿಲ್ಲ. ಇದ್ದ ಹಿಂದೀನರ ಕಸಗೊಳ್ಳಲಿಲ್ರಿ, ಅಷ್ಟ."