ಸಂಡೂರಿನ ಕೊಳ್ಳಕ್ಕೆ ಅವ್ವನನ್ನು ಕರೆದೊಯ್ದದ್ದು

ಕಂಪ್ಲಿ ಬಸ್ ನಿಲ್ದಾಣದಿಂದ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ನಾವು ಐದು ಮಂದಿ ಹೊರಟೆವು: ಅವ್ವ, ನಾನು, ನನ್ನ ಹೆಂಡತಿ ಶಾಂತಾ, ನಮ್ಮ ಇಬ್ಬರು ಮಕ್ಕಳು. ದಸರೆ ಮುಗಿದು ಹತ್ತು ದಿನವಾಗಿತ್ತು. ನಮ್ಮ ಓಣಿಗೆ ಮೊದಲ ಟಿವಿ ಬಂದ ವರ್ಷ ಅದು. ಹೊಸಪೇಟೆಗೆ ಟಿಕೆಟ್ ಮೂರು ರೂಪಾಯಿ, ಮಕ್ಕಳಿಗೆ ಅರ್ಧ. ಹೋಗುತ್ತಿದ್ದದ್ದು ಸಂಡೂರಿಗೆ, ನನ್ನ ತಂಗಿ ಗೌರಿಯ ಮನೆಗೆ. ಮದುವೆಯಾಗಿ ಎಂಟು ವರ್ಷವಾದರೂ ಅವ್ವ ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಕಾರಣ ಮುಚ್ಚಿಡುವಂಥದ್ದಲ್ಲ. ಗೌರಿಯ ಗಂಡ ತಿಪ್ಪೇಸ್ವಾಮಿ ಗಣಿಯಲ್ಲಿ ಕಲ್ಲು ಕೊರೆಯುವ ಮಷಿನ್ ನಡೆಸುತ್ತಾನೆ. ಹೊಲವಿಲ್ಲ, ಮನೆ ಗಣಿ ಕಾಲೊನಿಯದು. ಅಪ್ಪ ಹುಡುಗನ ಗುಣ ನೋಡಿ ಕೊಟ್ಟ. ಕಾಲುವೆ ನೀರಿನ ಹನ್ನೆರಡು ಎಕರೆ ಗದ್ದೆ ಇದ್ದವರ ಮಗಳು ಕೆಂಪು ಧೂಳಿನಲ್ಲಿ ಬಾಳುವುದು ಅವ್ವನಿಗೆ ಒಪ್ಪಿಗೆಯಾಗಲಿಲ್ಲ. ಅಪ್ಪ ತೀರಿಹೋದ ಮೇಲೆ ಆ ಸಿಟ್ಟು ಇನ್ನೂ ಗಟ್ಟಿಯಾಯಿತು. ಗೌರಿ ಪ್ರತಿ ಸಲ ಬಂದಾಗಲೂ ಕರೆಯುತ್ತಿದ್ದಳು. "ಯವ್ವ, ಒಂದ ರಾತ್ರಿ ನನ್ನ ಮನ್ಯಾಗ ಮಲಗು, ಸಾಕು" ಎನ್ನುತ್ತಿದ್ದಳು. ಆ ವರ್ಷ ಹಬ್ಬದ ದಿನ ಎಲ್ಲರ ಮುಂದೆ ಕೇಳಿದ್ದಕ್ಕೆ ಅವ್ವ ಹೂಂ ಅಂದುಬಿಟ್ಟಳು.

ಬುಕ್ಕಸಾಗರದ ತನಕ ಎರಡೂ ಕಡೆ ಬಾಳೆ, ಭತ್ತ. ಆಮೇಲೆ ಹಂಪಿಯ ಬಂಡೆಗಳು. ಮಕ್ಕಳು ಯಾವ ಬಂಡೆ ಮೊದಲು ಉರುಳೀತು ಎಂದು ಜಗಳವಾಡಿದರು. ಹೊಸಪೇಟೆಯಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಸಂಡೂರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಊರು ದಾಟಿದ ಮೇಲೆ ಎದುರಿಗೆ ಅದಿರಿನ ಲಾರಿಗಳು ಶುರುವಾದವು, ಒಂದರ ಹಿಂದೊಂದು. ಡ್ರೈವರ್ ಪ್ರತಿ ಲಾರಿಗೂ ಬಸ್ಸನ್ನು ಮಣ್ಣಿಗೆ ಇಳಿಸುತ್ತಿದ್ದ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನೋಡ್ಲೇ, ಗಿಡದ ಎಲಿ ಸೈತ ಕೆಂಪಗ. ಇಲ್ಲಿ ಮಂದಿ ಉಣ್ಣೋದರ ಏನು?"

"ನಮ್ಮಂಗ ಅನ್ನಾನ ಉಣ್ತಾರ ಅತ್ತಿ" ಎಂದಳು ಶಾಂತಾ.

ಗುಡ್ಡದ ಸಂದಿಯಿಂದ ಬಸ್ಸು ಒಳಗೆ ಇಳಿದಾಗ ಅವ್ವ ಸೆರಗು ತೆಗೆದು ಹೊರಗೆ ನೋಡಿದಳು. ಸುತ್ತ ಗುಡ್ಡ, ನಡುವೆ ಊರು, ಗುಡ್ಡದ ತುಂಬ ಹಸಿರು. ಇದನ್ನು ನಾನೂ ಎಣಿಸಿರಲಿಲ್ಲ.

ನಿಲ್ದಾಣದಲ್ಲಿ ಗೌರಿ ಮಗಳು ಮಂಗಳಾಳ ಕೈ ಹಿಡಿದು ನಿಂತಿದ್ದಳು. ಮಂಗಳಾಳಿಗೆ ಆಗ ಏಳು ವರ್ಷ.

"ಬಾರಣ್ಣ ಕಾಲುವಿ ಸಾವ್ಕಾರ! ಅವ್ವನ್ನ ಕರಕೊಂಡು ಬರಾಕ ಎಂಟು ವರ್ಷ ಬೇಕಾತೇನು?"

"ನಿಮ್ಮೂರ ಬಸ್ಸು ಹಂಗ ನಿಧಾನ ಐತಿ" ಅಂದೆ.

ಮೊದಲ ಸಲ ಮಗಳ ಮನೆ ಸೇರುವ ಮುಂಚೆ ಅಳಿಯನ ಮನೆದೇವರಿಗೆ ಕಾಯಿ ಒಡೆಸಬೇಕು ಎಂಬುದು ನಮ್ಮಲ್ಲಿಯ ಪದ್ಧತಿ. ಆ ದೇವರು ಇದ್ದದ್ದು ಕಾಡಿನ ಕೊಳ್ಳದಲ್ಲಿ, ಒಂದು ಹೊಂಡದ ದಂಡೆಯ ಮೇಲೆ. ತಿಪ್ಪೇಸ್ವಾಮಿಗೆ ಬೆಳಗಿನ ಶಿಫ್ಟು, ಎರಡು ಗಂಟೆಗೆ ಬಿಡುವು. ಅಷ್ಟರಲ್ಲಿ ಹೋಗಿ ಬರೋಣ ಎಂದು ಗೌರಿ ಬುತ್ತಿ ಕಟ್ಟಿಕೊಂಡೇ ಬಂದಿದ್ದಳು.

ಮಕ್ಕಳು ಮುದುಕರನ್ನು ಕರೆದುಕೊಂಡು ನಡೆಯಲು ಅಂಥ ದಾರಿ ನಾನು ಮತ್ತೆ ಕಂಡಿಲ್ಲ. ಊರ ಕೊನೆಯಿಂದ ಮೂರು ಕಿಲೋಮೀಟರು ಬಂಡಿದಾರಿ. ಏರು ಇದೆ, ಆದರೆ ದಮ್ಮು ಕಟ್ಟುವಂಥದ್ದಲ್ಲ. ಎರಡೂ ಕಡೆ ತುಗ್ಗಲಿ, ದಿಂಡಿಗದ ಮರಗಳು, ಬಾಗಿದರೆ ಕೈಗೆ ಸಿಗುವ ಸೀತಾಫಲ. ಅರ್ಧ ದಾರಿಯಲ್ಲಿ ಕೂರಲು ಚಪ್ಪಡಿ ಹಾಸಿದ ಕಟ್ಟೆ ಇದೆ. ಹಿಂದಿನ ದಿನ ಮಳೆ ಬಿದ್ದು ನೆಲ ತಂಪಾಗಿತ್ತು. ನನ್ನ ಮಕ್ಕಳು ಸಪಾಟು ಕಾಲುವೆ ಏರಿಯ ಮೇಲೆ ಓಡಾಡಿದವರು, ಅರ್ಧ ದಾರಿಗೇ ಏದುಸಿರು ಬಿಟ್ಟರು. ಮಂಗಳಾ ಮುಂದೆ ಓಡಿ, ಹಿಂದೆ ತಿರುಗಿ, ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿದ್ದಳು.

"ಮಾಮ, ನಿಮ್ಮೂರಾಗ ಗುಡ್ಡ ಇಲ್ಲೇನು?"

"ನಮ್ಮೂರಾಗ ಹೊಳಿ ಐತಿ, ಕಾಲುವಿ ಐತಿ. ಗುಡ್ಡ ತಗೊಂಡು ಏನ ಮಾಡ್ಲಿ?"

"ಹತ್ತಬೇಕು!"

ಅವ್ವ ಜೋರಾಗಿ ನಕ್ಕಳು. ಅಪ್ಪ ಹೋದ ಮೇಲೆ ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ.

ಹೊಂಡದ ನೀರು ತಣ್ಣಗೆ, ತಳದ ಹರಳು ಕಾಣುವಷ್ಟು ತಿಳಿ. ಕಾಯಿ ಒಡೆಸಿದೆವು. ಗೌರಿ ಬುತ್ತಿ ಬಿಚ್ಚಿದಳು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರನ್ನ. ಅವ್ವ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಹಾಕಿದಳು.

"ರೊಟ್ಟಿ ತೆಳ್ಳಗ ಬಡದೀ ಬಿಡು. ಉಂಡಿದ್ದಾತು, ನಿನ್ನ ಮನಿಗೆ ಬಂದಂಗ ಆತಲ್ಲ ಇನ್ನ."

"ಇದು ಬುತ್ತಿ ಯವ್ವ, ಮನಿ ಅಲ್ಲ. ಮನಿ ಸುಣ್ಣ ಬಳದು ನಿನ್ನ ದಾರಿ ಕಾಯಾಕ ಹತ್ತೈತಿ" ಎಂದು ಗೌರಿಯೂ ನಕ್ಕಳು. ಅವ್ವನಿಗಾಗಿ ಕಾಲೊನಿಯ ಯಾರ ಮನೆಯಿಂದಲೋ ಮಂಚ ತಂದು ಹಾಕಿದ್ದಾರೆ ಎಂದು ಶಾಂತಾಳ ಕಿವಿಯಲ್ಲಿ ಹೇಳಿದಳು.

ಇಲ್ಲಿಯ ತನಕದ ಕಥೆಯನ್ನು ನಾನು ಕಂಪ್ಲಿಯಲ್ಲಿ ಹತ್ತು ಸಲ ಹೇಳಿದ್ದೇನೆ. ಮುಂದಿನದನ್ನು ಹೇಳಿಲ್ಲ.

ಹೊಂಡದಿಂದ ಒಂದು ಹಳ್ಳ ಕೆಳಗೆ ಹರಿಯುತ್ತದೆ. ಅದರ ದಿಕ್ಕಿನಲ್ಲಿ, ಮರಗಳ ಸಂದಿಯಲ್ಲಿ, ಕಾಲೊನಿಯ ತಗಡು ಕಾಣುತ್ತಿತ್ತು. ಹಳ್ಳ ಹಿಡಿದು ಇಳಿದರೆ ಅರ್ಧ ದಾರಿ ಉಳಿಯುತ್ತದೆ ಅಂದೆ. ನಾನು ಏಳನೇ ಕ್ಲಾಸು ಮುಗಿಸಿ ಗದ್ದೆಗಿಳಿದವನು. ಓದು ಕಮ್ಮಿ, ಆದರೆ ನೀರಿನ ವಿಷಯದಲ್ಲಿ ನನಗೆ ಯಾರೂ ಹೇಳಬೇಕಿಲ್ಲ ಎಂಬ ಸೊಕ್ಕು ಇತ್ತು. ನಮ್ಮ ಕಡೆ ನೀರಿನ ಬದಿಗೆ ನಡೆದರೆ ಒಂದು ತೂಬು ಸಿಗುತ್ತದೆ, ತೂಬಿನ ಹತ್ತಿರ ರಸ್ತೆ ಸಿಗುತ್ತದೆ.

"ಅಣ್ಣ, ಬ್ಯಾಡ" ಎಂದಳು ಗೌರಿ. "ಮ್ಯಾಲಿನ ಗಣಿ ಮಣ್ಣು ಮಳಿಗೆ ಹಳ್ಳಕ್ಕ ಇಳದೈತಿ. ಅದರಾಗ ಕಾಲು ಹೂತ್ಕೋತೈತಿ. ನಾವ್ಯಾರೂ ಆ ಕಡಿ ಹೋಗಂಗಿಲ್ಲ. ಬಂಡಿದಾರಿಲೆ ಹೋಗೂಣು."

"ಹೂಳಿನ ಮ್ಯಾಲೆ ನಡಿಯೋದು ನನಗ ಕಲಿಸ್ತೀಯೇನು? ನಿನಗ ಗಣಿ ಗೊತ್ತು. ಹೂಳು ನನಗ ಗೊತ್ತು."

"ಆ ಹೂಳ ಬ್ಯಾರೆ, ಈ ಹೂಳ ಬ್ಯಾರೆ ಅಣ್ಣ."

ಕೇಳಲಿಲ್ಲ. ಸ್ವಲ್ಪ ಇಳಿದ ಮೇಲೆ ಹಳ್ಳ ಅಗಲವಾಯಿತು, ಕೆಂಪು ಮಣ್ಣಿನ ಹಾಸು ಬಂತು. ಮೇಲೆಲ್ಲ ಬಿರುಕು ಬಿಟ್ಟಿತ್ತು. ಪ್ರತಿ ವರ್ಷ ಕಾಲುವೆಗೆ ನೀರು ನಿಲ್ಲಿಸಿದಾಗ ನಾವು ಹೂಳು ತೆಗೆಯುತ್ತೇವೆ. ಬಿರುಕು ಬಿಟ್ಟ ಹೂಳು ಎತ್ತಿನ ಭಾರವನ್ನೂ ತಾಳುತ್ತದೆ. ನಾನು ದಂಡೆಯ ಹತ್ತಿರ ಒಂದು ಕಾಲಿಟ್ಟು ತುಳಿದು ನೋಡಿದೆ, ಗಟ್ಟಿ ಇತ್ತು. "ಬರ್ರಿ" ಅಂದು ಅಂಚಿನಗುಂಟವೇ ನಡೆದು ದಾಟಿದೆ. ನನ್ನ ಹಿಂದೆ ಬಂದ ಅವ್ವ ನಾಲ್ಕು ಹೆಜ್ಜೆ ನಡುವಿಗೆ ಸರಿದು ಕಾಲಿಟ್ಟಳು. ಹಪ್ಪಳದಂಥ ಆ ಪದರ ಒಡೆದು ತೊಡೆಯ ತನಕ ಇಳಿದಳು. ಕೆಳಗೆಲ್ಲ ಅಂಬಲಿಯಂಥ ಕೆಸರು, ಅದರೊಳಗೆ ಕಲ್ಲು. ಕಾಲು ಎರಡು ಕಲ್ಲಿನ ನಡುವೆ ತಿರುಚಿತು. ಅವಳು ಕಿರುಚಿದ್ದಕ್ಕೆ ಮರದ ಮೇಲಿನ ಮುಸಿಯಗಳೆಲ್ಲ ಓಡಿಹೋದವು.

ನಾನು, ಗೌರಿ, ಶಾಂತಾ ಮೂವರೂ ಅಡ್ಡ ಮಲಗಿ ಎಳೆದು ದಂಡೆಗೆ ಹಾಕಿದೆವು. ಅವ್ವನ ಇಳಕಲ್ ಸೀರೆ ಸೊಂಟದಿಂದ ಕೆಳಗೆ ಬರೀ ಕೆಂಪು ಕೆಸರು. ಕಾಲಿನ ಹರಡು ನೋಡನೋಡುತ್ತ ಬಾತುಕೊಂಡಿತು. ನನ್ನ ಇಬ್ಬರು ಮಕ್ಕಳೂ ಅಳುತ್ತಿದ್ದರು. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಯಾರಲೇ ನನ್ನ ಈ ದಾರಿಗೆ ತಂದೋರು?"

"ಗೌರಿನ ಅಂದ್ಲು, ಸಮೀಪ ಆಗತೈತಿ ಅಂತ" ಅಂದೆ.

ಯೋಚಿಸಿ ಆಡಿದ ಮಾತಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಅವ್ವನ ಬಾಯಿಗೆ ಹೆದರುವ ನಲವತ್ತು ವರ್ಷದ ಗಂಡಸು ನಾನು. ಗೌರಿಯ ಮೇಲೆ ಅವ್ವನಿಗೆ ಮೊದಲೇ ಸಿಟ್ಟಿದೆ, ಇನ್ನಷ್ಟು ಬಿದ್ದರೆ ಏನು ಮಹಾ ಎಂದುಕೊಂಡೇ ಹೇಳಿದೆ.

"ಇಲ್ಲಜ್ಜಿ, ಮಾಮಾನ..." ಎಂದಳು ಮಂಗಳಾ. ಗೌರಿ ಕೆಸರಿನ ಕೈಯಿಂದಲೇ ಮಗಳ ಬಾಯಿ ಮುಚ್ಚಿದಳು. ನನ್ನನ್ನು ನೋಡಿದಳು. ನಾನೇ ಬಾಯಿ ಬಿಡಲಿ ಎಂದು ಕಾದಳು. ಶಾಂತಾ ನನ್ನನ್ನು ನೋಡಿದ್ದನ್ನು ಬರೆಯಲು ನನಗೆ ಮನಸ್ಸಿಲ್ಲ.

ಅವ್ವನನ್ನು ಬೆನ್ನ ಮೇಲೆ ಹೊತ್ತು ಬಂಡಿದಾರಿಗೆ ಬಂದೆ. ಸೌದೆ ಬಂಡಿಯೊಂದು ಸಿಕ್ಕಿತು. ದವಾಖಾನೆಯಲ್ಲಿ ಎಲುಬು ಮುರಿದಿಲ್ಲ ಎಂದು ಪಟ್ಟಿ ಕಟ್ಟಿದರು. ಅಷ್ಟೊತ್ತಿಗೆ ತಿಪ್ಪೇಸ್ವಾಮಿ ಡ್ಯೂಟಿ ಬಟ್ಟೆಯಲ್ಲೇ ಓಡಿ ಬಂದ. ಕೈಯಲ್ಲಿ ಹೆಲ್ಮೆಟ್ಟು, ರೆಪ್ಪೆಯ ತನಕ ಧೂಳು.

"ಅತ್ತೇರಾ, ಮನಿ ಇಲ್ಲೇ ಐತ್ರಿ. ಎತ್ಕೊಂಡು ಹೋಗ್ತೀನಿ. ಎಂಟು ದಿನ ಕಾಲು ನೆಲಕ್ಕ ಊರಬ್ಯಾಡ್ರಿ, ನಾ ನೋಡ್ಕೋತೀನಿ."

"ನಿಮ್ಮೂರ ಮಣ್ಣು ಸಾಕಪ್ಪ ನನಗ" ಎಂದಳು ಅವ್ವ.

ಅವನು ತನ್ನ ಅಂಗಿ ನೋಡಿಕೊಂಡ. ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಆಮೇಲೆ ಬಸ್ಸಿನ ತನಕ ಬಂದರೂ ಅವ್ವನನ್ನು ಮುಟ್ಟಲಿಲ್ಲ. ಮೆಟ್ಟಿಲು ಹತ್ತಿಸಲು ಬೇರೆ ಯಾರನ್ನೋ ಕರೆದ.

ಬಸ್ಸು ಹೊರಡುವ ಮುಂಚೆ ಗೌರಿ ನನ್ನ ಕಿಟಕಿಯ ಹತ್ತಿರ ಬಂದಳು. "ಅಣ್ಣ, ಹೇಳು. ಈಗ ಹೇಳಿದ್ರ ಇಳೀತಾಳ" ಎಂದಳು. ಕೂಗಲಿಲ್ಲ, ಅಳಲಿಲ್ಲ. ನಾನು ಕಂಡಕ್ಟರನ ಕಡೆ ತಿರುಗಿ ಐದು ಟಿಕೆಟ್ ಅಂದೆ.

ಹೊಸಪೇಟೆಯ ತನಕ ನಾನು ಗಣಿಯವರನ್ನು ಬೈದೆ. ಗುಡ್ಡ ಬಗೆದು ಮಣ್ಣನ್ನು ಹಳ್ಳಕ್ಕೆ ತಳ್ಳುವವರು, ಹರಿಯುವ ನೀರಿಗೆ ವಿಷ ಸುರಿಯುವವರು ಎಂದು ಬಸ್ಸಿನವರೆಲ್ಲ ಕೇಳುವ ಹಾಗೆ ಬೈದೆ. ಅದು ಸುಳ್ಳಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರು ಮಣ್ಣು ಸುರಿದಿದ್ದಾರೆ ಎಂದು ನನ್ನ ತಂಗಿ ಹೇಳಿಯೇ ಇದ್ದಳು. ಬೈದಷ್ಟೂ ಬಾಯಿ ಒಣಗಿತೇ ಹೊರತು ಎದೆ ಹಗುರವಾಗಲಿಲ್ಲ.

ಹೊಸಪೇಟೆಯಲ್ಲಿ ಇಳಿದಾಗ ಐದು ಗಂಟೆ, ಇನ್ನೂ ಬಿಸಿಲಿತ್ತು. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಆಗ ಹೇಳಿದೆ.

"ಯವ್ವ, ಗೌರಿ ಹೇಳಲಿಲ್ಲ. ಬ್ಯಾಡ ಅಂದ್ಲು. ಹಳ್ಳದ ದಾರಿ ಹಿಡಿದಾಂವ ನಾನು."

ಅವ್ವ ನೀರು ಕುಡಿದು ಲೋಟ ಕೆಳಗಿಟ್ಟಳು. "ಗೊತ್ತೈತಿ. ನಿಮ್ಮಿಬ್ಬರ ಜಗಳ ನನಗ ಕೇಳಿಸಲಿಲ್ಲೇನು? ಕಾಲು ಹೋಗೈತಿ, ಕಿವಿ ಹೋಗಿಲ್ಲ."

"ಮತ್ತ ಸುಮ್ನ ಯಾಕಿದ್ದಿ?"

"ಬರ್ತೀನಿ ಅಂತ ನಾಕು ಮಂದ್ಯಾಗ ಮಾತು ಕೊಟ್ಟಿದ್ದೆ. ಆ ಮನಿ ಒಳಗ ಕಾಲಿಡಾಕ ಮನಸ್ಸು ಒಪ್ಪಲಿಲ್ಲ. ನೀ ಒಂದು ನೆವ ಕೊಟ್ಟಿ, ತಗೊಂಡೆ."

ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅವ್ವನ ಮೇಲೆ ಎಷ್ಟೋ, ನನ್ನ ಮೇಲೆ ಅದಕ್ಕಿಂತ ಹೆಚ್ಚು. "ಏಳು" ಅಂದೆ. "ಹೊಳ್ಳಿ ಹೋಗೂಣು. ಸಂಡೂರ ಬಸ್ಸು ಅಲ್ಲೇ ನಿಂತೈತಿ."

"ನೀ ಹೋಗು. ನನ್ನ ಕಂಪ್ಲಿ ಬಸ್ಸಿಗೆ ಹತ್ತಿಸು."

ಅವಳು ಶಾಂತಾಳ ಹೆಗಲು ಹಿಡಿದು ಕುಂಟುತ್ತ ಹೊರಟೇಬಿಟ್ಟಳು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮಕ್ಕಳನ್ನು ಹತ್ತಿಸಿ, ಶಾಂತಾ ಬಾಗಿಲ ಹತ್ತಿರ ಬಂದಳು.

"ನೀವು ಹೋಗ್ರಿ. ಇವರನ್ನ ನಾ ಕರಕೊಂಡು ಹೋಗ್ತೀನಿ. ಗೌರಿ ಅಡಿಗಿ ಮಾಡಿಟ್ಕೊಂಡು ಕುಂತಿರ್ತಾಳ. ನೀವರ ಹೋಗಿ ಉಣ್ರಿ."

ಸಂಡೂರಿನ ಬಸ್ಸು ಹದಿನೈದು ಹೆಜ್ಜೆ ದೂರದಲ್ಲಿತ್ತು. ಕಂಡಕ್ಟರ್ ಬಾಗಿಲು ಬಡಿದು ಮಂದಿಯನ್ನು ಕರೆಯುತ್ತಿದ್ದ. ಅಲ್ಲಿಗೆ ಹೋದರೆ ತಿಪ್ಪೇಸ್ವಾಮಿಯ ಎದುರು ಕೂರಬೇಕು, ಏಳು ವರ್ಷದ ಮಗುವಿನ ಮುಂದೆ ನಾನು ಸುಳ್ಳುಗಾರ ಎಂದು ಒಪ್ಪಬೇಕು.

"ನಾಳಿ ನಮ್ಮ ಗದ್ದಿಗೆ ನೀರಿನ ಸರದಿ ಐತಲ್ಲ" ಅಂದೆ.

ಸರದಿ ಇರಲಿಲ್ಲ. ಶಾಂತಾಳಿಗೂ ಅದು ಗೊತ್ತಿತ್ತು. ಅವಳು ಬಾಗಿಲು ಬಿಟ್ಟು ಒಳಗೆ ಹೋದಳು. ನಾನು ಅವಳ ಹಿಂದೆ ಹತ್ತಿ ಕುಳಿತೆ. ಸಂಡೂರಿನ ಬಸ್ಸು ನಮಗಿಂತ ಮೊದಲು ಹೊರಟಿತು. ಒಳಗೆ ಅರ್ಧಕ್ಕರ್ಧ ಸೀಟು ಖಾಲಿ ಇದ್ದವು. ಅದು ತಿರುವು ದಾಟುವ ತನಕ ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ.